ಗಾಜಿನ ಮೇಲೆ ಕಂದು

ವೂಚ್ ನಗರದಲ್ಲಿ ಫೆಬ್ರವರಿ. ಕಿಟಕಿಯಾಚೆ
ಹಳೆಯ ಬಟ್ಟೆಗಿರಣಿಯ ಚಿಮಣಿ, ಹೊಗೆಯಿಲ್ಲದ್ದು.
ಅಲ್ಲಿ ತಾಯಿ ಇಪ್ಪತ್ತೊಂದು ವರ್ಷ ಹರಿದ ಎಳೆ ಕಟ್ಟಿದಳು.
ಇಲ್ಲಿ ಮಗಳು ಲುಚಿನಾ
ಮೇಣದಲ್ಲಿ ಹೂತ ಮಾಂಸವನ್ನು
ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಹೆರೆಯುತ್ತಾಳೆ,
ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು
ಕುಂಚದ ತುದಿಯಿಂದ ಸುಕ್ಕು ಬಿಡಿಸುತ್ತಾಳೆ,
ಉಸಿರು ಬಿಗಿಹಿಡಿದು.

ಎರಡು ಗಾಜು. ಎರಡೂ ಗಂಡಸರ ಪ್ರಾಸ್ಟೇಟ್:
ಮೂತ್ರಕೋಶದ ಕೆಳಗೆ ಕೂತ, ಊಟದ ಮೇಜಿನಲ್ಲಿ
ಯಾರೂ ಹೆಸರೆತ್ತದ, ಅಕ್ರೋಟಿನಷ್ಟು ಗ್ರಂಥಿ.

ಒಂದರ ಮೇಲೆ ಬರೆದಿದೆ: ಆರೋಗ್ಯವಂತ.
ಇಪ್ಪತ್ತಾರರ ಹುಡುಗ; ಹಿಮಗಟ್ಟಿದ ತಿರುವು, ಮೋಟರ್‌ಸೈಕಲ್ಲು.
ಮೂತ್ರಪಿಂಡ ಒಬ್ಬರಿಗೆ, ಕಣ್ಣಿನ ಪಟಲ ಇನ್ನೊಬ್ಬರಿಗೆ,
ಇದು ಲುಚಿನಾಳಿಗೆ.
ಇನ್ನೊಂದರ ಮೇಲೆ: ರೋಗಗ್ರಸ್ತ.
ಅರವತ್ತೇಳು, ಟ್ರಾಮ್ ಚಾಲಕ, ನಿವೃತ್ತ.
ಬದುಕಿದ್ದಾನೆ. ಮಂಗಳವಾರ ತಪಾಸಣೆಗೆ ಬರುತ್ತಾನೆ,
ಟೋಪಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾನೆ.
ಸತ್ತವನು ಆರೋಗ್ಯವಂತ, ಬದುಕಿದವನು ರೋಗಿ:
ಈ ಕೋಣೆಯ ವ್ಯಾಕರಣವೇ ಹಾಗೆ.

ಇಡೀ ರಾತ್ರಿ ಫ್ರಿಜ್ಜಿನ ಕತ್ತಲಲ್ಲಿ ಪ್ರತಿಕಾಯ ಹುಡುಕುತ್ತದೆ.
ಹುಡುಕುವುದು ಒಂದು ಕಿವಿಯನ್ನು.
ಕ್ಯಾರೆಟ್ಟಿನ ಕೇಸರಿ, ಮೊಟ್ಟೆಯ ಹಳದಿ, ಮೀನೆಣ್ಣೆಯ ಚಮಚ
ಕರುಳು ದಾಟಿ, ಯಕೃತ್ತಿನಲ್ಲಿ ತಂಗಿ, ನೆತ್ತರಲ್ಲಿ ತೇಲಿ,
ಕಡೆಗೊಂದು ಆಮ್ಲವಾಗಿ ಜೀವಕೋಶದ ಒಳಮನೆ ಹೊಕ್ಕು
ಆ ಕಿವಿಯಲ್ಲಿ ಒಂದೇ ಮಾತು ಉಸುರುತ್ತದೆ:
ಸಾಕು.
ಸಾಕು ಅಂದರೆ ಪೊರೆ. ಸಾಕು ಅಂದರೆ ನಿಲ್ಲಿಸು.
ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡ ಕೋಶ
ತನ್ನ ಸಾಲಿನಲ್ಲಿ ನಿಂತು ತನ್ನ ಕೆಲಸ ಮಾಡುತ್ತದೆ.

ಬೆಳಿಗ್ಗೆ ಬಣ್ಣ. ಕಿವಿ ಇದ್ದಲ್ಲಿ ಕಂದು, ಇಲ್ಲದಲ್ಲಿ ನೀಲಿ.

ಹುಡುಗನ ಗಾಜಿನಲ್ಲಿ ಗ್ರಂಥಿಗಳ ಸುತ್ತ
ಕಂದು ಚುಕ್ಕೆ, ಕಂದು ಚುಕ್ಕೆ, ಎಳೆ ತಪ್ಪದ ಅಂಚು.
ಹೇಳುವವರು ಯಾರೂ ಉಳಿದಿಲ್ಲ. ಕಿವಿಗಳು ತೆರೆದೇ ಇವೆ.

ಚಾಲಕನ ಗಾಜಿನಲ್ಲಿ ನೀಲಿಯ ನೂಕುನುಗ್ಗಲು,
ಅಂಚಿಲ್ಲ, ಸಾಲಿಲ್ಲ,
ಒಂದರ ಮೈಮೇಲೊಂದು ಹತ್ತುತ್ತಿರುವ ಕೋಶಗಳು.
ಗಂಟೆ ಬಾರಿಸಿದರೂ ನಿಲ್ಲದ ಟ್ರಾಮು
ಅನ್ನೋಣವೆಂದರೆ ಅವನಿಗೇ ಅವಮಾನ,
ಮೂವತ್ತು ವರ್ಷ ಪ್ರತಿ ನಿಲ್ದಾಣದಲ್ಲೂ ನಿಲ್ಲಿಸಿದವನು.

ಡಾಕ್ಟರ್ ಗವ್ರೊನ್ ಎದುರಿನ ಕಣ್ಣುಗಾಜಿಗೆ ಬಗ್ಗಿ
“ಸೊನ್ನೆ” ಎನ್ನುತ್ತಾರೆ.
“ತಾಳಿ. ಎಡಗಡೆ, ಮೂಲೆಯಲ್ಲಿ.”
ಹೌದು, ಒಂದು. ನೀಲಿಯ ನಡುವೆ ಒಂಟಿ ಕಂದು,
ಮೇಜುಬಟ್ಟೆಗೆ ಬಿದ್ದ ಚಹಾದ ಹನಿಯಂಥದು.
“ಒಂದು ಲೆಕ್ಕಕ್ಕಿಲ್ಲ, ಲುಚಿನಾ. ನೂರಕ್ಕೆ ಹತ್ತಾದರೂ ಬೇಕು.”

ಅವಳು ಸೊನ್ನೆಯೇ ಬರೆಯುತ್ತಾಳೆ. ಕೋಷ್ಟಕಕ್ಕೆ ಬೇಕಾದ್ದು ಅದೇ.
ಆಮೇಲೆ, ಡಾಕ್ಟರು ಕಾಫಿಗೆ ಹೋದಾಗ,
ಗಾಜಿನ ಮೇಲೆ, ಆ ಮೂಲೆಗೆ ಸರಿಯಾಗಿ
ಪೆನ್ನಿನಿಂದ ಒಂದು ಚುಕ್ಕೆ ಇಡುತ್ತಾಳೆ.
ಯಾಕೆ ಎಂದು ಕೇಳಿದರೆ ಉತ್ತರವಿಲ್ಲ.
ತಾಯಿಯೂ ಅಷ್ಟೇ, ಥಾನು ಸುತ್ತುವ ಮುಂಚೆ
ಕಟ್ಟಿದ ಎಳೆಯ ಪಕ್ಕ ಸೀಮೆಸುಣ್ಣದ ಗೀಟು ಎಳೆಯುತ್ತಿದ್ದಳು,
ಒಮ್ಮೆ ತೊಳೆದರೆ ಹೋಗುವಂಥದ್ದು.