ಹಿಂಡಿ ಡಬ್ಬಿ

ಶೇಂಗಾ ಹಿಂಡಿ ತೀರಿದ ಡಬ್ಬಿ.
ಮುಚ್ಚಳ ತಗದರ ಇನ್ನೂ ಬಳ್ಳೊಳ್ಳಿ ವಾಸನಿ.
ಅದರಾಗ ಎರಡು ಪಟ್ಟಿ ಇಟ್ಟೀನಿ,
ಅತ್ತಿಗೆ ಕಾಣಬಾರದು ಅಂತ ಒಂದು,
ಓಣಿಗೆ ಕಾಣಬಾರದು ಅಂತ ಇನ್ನೊಂದು.

ಒಂದು ಬಿಳೇದು. ಬೆನ್ನಿಗೆ ಬಾಣದ ಗುರುತು,
ದಿನಕ್ಕೊಂದರಂಗ ಇಪ್ಪತ್ತೊಂದು,
ಆಮ್ಯಾಲ ಏಳು ಕಂದು, ಬರೇ ಕಬ್ಬಿಣದ್ದು.
ಶ್ರಾವಣಿ ಹುಟ್ಟಿದ ಮ್ಯಾಲ ನಾಕು ವರ್ಷ
ಈ ಬಾಣದ ಬೆನ್ನು ಹತ್ತಿ ನಡದೀನಿ.
ಇವರ ರಾತ್ರಿ ಪಾಳಿ ಇದ್ದಾಗೂ ತಪ್ಪಿಲ್ಲ.

ಇನ್ನೊಂದು ಇಟ್ಟಂಗಿ ಬಣ್ಣದ್ದು.
ನಸಿಕಿನ್ಯಾಗ, ಖಾಲಿ ಹೊಟ್ಟಿಲೆ, ಮೂರು ಮೂರು.
ಚಾದರದ ಅಂಚು ಹೊಲಿಯೋ ಮುಂದ ಬರೋ ಕೆಮ್ಮು
ಹತ್ತಿ ಧೂಳಿಂದಂತ ತಿಳದಿದ್ದೆ.
ಧೂಳಲ್ಲ ಅಂತ, ಸೋಲಾಪುರದ ಸಿವಿಲ್ ದವಾಖಾನ್ಯಾಗ
ಸಣ್ಣ ಡಬ್ಬ್ಯಾಗ ಉಗುಳಿದ ಮ್ಯಾಲ ಗೊತ್ತಾತು.
ಆರು ತಿಂಗಳು ಅಂದ್ರು. ಬಿಡಬ್ಯಾಡ ಅಂದ್ರು.
ಮರಾಠಿಯೊಳಗ ಬರದ ಕಾರ್ಡ್ ಕೊಟ್ರು.

ಮೊದಲನೇ ದಿನ ಉಚ್ಚಿ ಕೆಂಪಗ ಹೋತು.
ಹೆದರಿ ಬಚ್ಚಲದಾಗಽ ಕುಂತೆ.
ಆಮ್ಯಾಲ ನಗು ಬಂತು,
ರಂಗಿನ ಖಾನಿ ಹಿಂದಿನ ಗಟಾರ ಹಿಂಗಽ ಇರ್ತಿತ್ತು.
ಇವತ್ತು ಚಾದರಕ್ಕ ಯಾವ ಬಣ್ಣ ಅಂತ
ಗಟಾರ ನೋಡಿ ಹೇಳ್ತಿದ್ವಿ, ಸಣ್ಣವರಿದ್ದಾಗ.
ಅತ್ತರ ಕಣ್ಣೀರು ಸುದ್ದಾ ಕಿತ್ತಳಿ.
ಸೆರಗಿನ ಮ್ಯಾಲ ಕಲೆ ಉಳೀತು.

ಕೆಂಪು ಗುಳಿಗಿ ಕೊಟ್ಟವರು ಕೇಳಿದ್ದು
ತೂಕ ಎಷ್ಟು, ಮನ್ಯಾಗ ಎಷ್ಟು ಮಂದಿ.
ಬಿಳಿ ಗುಳಿಗಿ ಕೊಟ್ಟಾಕಿ ಕೇಳಿದ್ದು
ಮಕ್ಕಳೆಷ್ಟು, ಅದರಾಗ ಗಂಡೆಷ್ಟು.
ಎರಡು ಕಿಟಕಿ, ನಡುವ ಒಂದು ಗ್ವಾಡಿ.
ಗ್ವಾಡಿಗೆ ಆತುಕೊಂಡು ನಾನು.

ಬಾಜೂ ಮನಿ ಮಹಾನಂದಾಗ
ಹಲ್ಲು ಬಾತಾಗ ಐದು ದಿನದ ಗುಳಿಗಿ ಬರಕೊಟ್ರು.
ಯಾರೋ ಹೇಳಿದ್ರಂತ, ಎರಡೂ ಕೂಡಿದ್ರ ವಿಷ.
ಪಾಪ, ಬಿಳೇದು ಬಿಟ್ಟಳು. ಹಲ್ಲು ನೆಟ್ಟಗಾತು.
ಈಗ ಏಳನೇ ತಿಂಗಳು.
ನನ್ನ ಮಿಷಿನ್ನಿನ ಬಾಜೂಕ ಕುಂತು ಬೆನ್ನು ತಿಕ್ಕೋತಾಳ.

ಶಿಂಗಾಡೆ ಸಿಸ್ಟರ್ ಸೋಮವಾರ ಕಾರ್ಡ್ ನೋಡಲಾಕ ಬಂದಾಕಿ
ನೀರು ಬೇಡಿದ್ಲು. ಗುಳಿಗಿ ಎಣಸಲಿ ಅಂತ
ಡಬ್ಬಿ ನಾನಽ ತಗದೆ.
ಎರಡೂ ಪಟ್ಟಿ ಒಮ್ಮೆಲೆ ಕೈಗೆ ಬಂದ್ವು.
ತಂಬಿಗಿ ಕೆಳಗಿಟ್ಟು,
ಅರ್ಧಾ ಮರಾಠಿ ಅರ್ಧಾ ಕನ್ನಡದಾಗ ಹೇಳಿದ್ಲು:
ಹಲ್ಲಿನ ಗುಳಿಗಿಗೆ ಏನೂ ಆಗೂದಿಲ್ಲ ಬಾಯಿ,
ವಾಂತಿ ಭೇದಿ ಹತ್ತಿದ್ರ ಬ್ಯಾರೆ ಮಾತು.
ಇದಕ್ಕ ಮಾತ್ರ ಹೌದು. ಈ ಕೆಂಪನ್ನದು
ಹೊಸಾ ಸೊಸಿ ಇದ್ದಂಗ, ಕಸಬರಿಗಿ ಹಿಡದ್ರ ನಿಲ್ಲಂಗಿಲ್ಲ,
ಬಿಳೇದು ಬಂದು ಚಾಪಿ ಮ್ಯಾಲ ಕುಂದ್ರೂದರಾಗ
ಕಸದ ಜೋಡಿ ಹೊರಗ ಹಾಕ್ತದ.
ಕೆಂಪು ಬಿಡಬ್ಯಾಡ. ಅದು ಮುಗದ ಮ್ಯಾಲೂ ಒಂದು ತಿಂಗಳು
ಬಿಳೇದನ್ನ ನಂಬಬ್ಯಾಡ. ತಾಂಬಿ ಹಾಕಸ್ಕೊ,
ಇಲ್ಲಂದ್ರ ಗಂಡಗ ಹೇಳು.

ಗಂಡಗ ಹೇಳು.
ಎರಡಽ ಮಾತು, ನಾಕಾಣೆ ಬಿಲ್ಲಿ ಅಷ್ಟು ಹಗುರ.
ಇವರು ಪಾಳಿ ಮುಗಿಸಿ ಬಂದಿದ್ರು,
ಕಿವ್ಯಾಗ ಇನ್ನೂ ಮಗ್ಗದ ಸಪ್ಪಳ.
ಎರಡು ಸಲ ಹೇಳಿದ ಮ್ಯಾಲ ಕೇಳಿಸ್ತು.
"ಗುಳಿಗಿ ತಗೋತಿದ್ದೆಲ್ಲ?"
ತಗೊಂಡೀನಿ. ಇದೂ ತಪ್ಪಿಲ್ಲ,
ಅದೂ ತಪ್ಪಿಲ್ಲ. ಅದಽ ತ್ರಾಸು.
ಮಗ್ಗಲಾಗಿ ಗ್ವಾಡಿ ಕಡೆ ಮುಖ ಮಾಡಿದ್ರು.
ಸಿಟ್ಟೋ ನಿದ್ದಿಯೋ, ಬೆನ್ನು ನೋಡಿ ಹೇಳಲಾಕ ಬರೂದಿಲ್ಲ.

ಕಂದು ಗುಳಿಗಿ ಏಳೂ ಮುಗದು ಒಂಬತ್ತು ದಿನ ಆತು,
ಬರಬೇಕಾದ್ದು ಬಂದಿರಲಿಲ್ಲ.

ಇವತ್ತು ನಸಿಕಿನ್ಯಾಗ ಬಚ್ಚಲಕ್ಕ ಹೋದೆ.
ಕಲ್ಲಿನ ಮ್ಯಾಲ ಕೆಂಪು.
ಗುಳಿಗೀದೋ, ನಂದೋ?
ಗಟಾರ ನೋಡಿ ಚಾದರದ ಬಣ್ಣ ಹೇಳ್ತಿದ್ದಾಕಿ
ಝೀರೋ ಬಲ್ಬಿನ ಬೆಳಕಿನ್ಯಾಗ
ಬಗ್ಗಿ ಬಗ್ಗಿ ನೋಡಲಾಕತ್ತೀನಿ.
ಹೊರಗ ಅತ್ತಿ ಬಾಗಲಾ ಬಡೀತಾರ,
ಎಷ್ಟೊತ್ತವ್ವಾ.
ತಡೀರಿ, ಅಂದೆ.
ಇನ್ನೊಂದೀಟು ಬೆಳಕಾಗಲಿ.