ಗಾಳಿಗೊಂದು ರೂಪಾಯಿ

ನಾನು ಮಾರುವುದು ಗಾಳಿ.
ಸೇರುಗಟ್ಟಲೆ ಅಳೆದರೂ ತಕ್ಕಡಿ ಅಲುಗುವುದಿಲ್ಲ.
ಅಂಗೈ ತುಂಬಿ ಬಾಯಿಗೆಸೆದರೆ
ಹಲ್ಲಿಗೆ ಸಿಕ್ಕಷ್ಟು ಅಕ್ಕಿ, ಉಳಿದದ್ದು ಉಬ್ಬು.
ಅದಕ್ಕೆ ಪುಟಾಣಿ ಪುಡಿ, ಬೆಳ್ಳುಳ್ಳಿ ಒಗ್ಗರಣೆ, ಚಿಟಿಕೆ ಅರಿಶಿನ,
ಪಕ್ಕಕ್ಕೊಂದು ಮಿರ್ಚಿ.
ಸಂಜೆ ಆರಕ್ಕೆ ಪಿ.ಬಿ. ರಸ್ತೆಯಲ್ಲಿ
ದಾವಣಗೆರೆಯ ಹಸಿವು ನನ್ನ ಗಾಡಿಯ ಸುತ್ತ
ಕಾಲು ಬದಲಿಸಿ ಬದಲಿಸಿ ನಿಲ್ಲುತ್ತದೆ.

ಎಳ್ಳು ಮೊದಲು ಕಂಡದ್ದು ಶಹತಾಜ್‌ಗೆ.
ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಹಚ್ಚಡ
ಮಧ್ಯಾಹ್ನಕ್ಕೆ ಯಾರೋ ಕರಿ ಎಳ್ಳು ಉದುರಿಸಿದ ಹಾಗೆ.
ಉಜ್ಜಿದಳು. ಎಳ್ಳು ಗೆರೆಯಾಯಿತು.
"ನಿಮ್ಮ ಮಂಡಕ್ಕಿ ಅಷ್ಟು ಬೆಳ್ಳಗಾಗೋದಕ್ಕೆ
ಬಿಟ್ಟ ಕೊಳೆ ಇದು" ಅಂದಳು,
ಬೈದ ಹಾಗಲ್ಲ, ಚೀಟಿ ಲೆಕ್ಕ ಒಪ್ಪಿಸಿದ ಹಾಗೆ.

ಭಟ್ಟಿಗೆ ಹೋದೆ.
ದಾದಾಪೀರ್ ಕಾದ ಮರಳಿಗೆ ಅಕ್ಕಿ ಸುರಿಯುತ್ತಿದ್ದ.
ಮೇಲೆ ಚಟಪಟ ಬೆಳ್ಳಗೆ ಅರಳು;
ಕೆಳಗೆ ಒಲೆಬಾಯಲ್ಲಿ
ಎಷ್ಟೋ ಊರು ಸುತ್ತಿದ ಲಾರಿ ಟೈರು
ಕೊನೆಯ ಸವಾರಿಗೆ ಹೊಗೆ ಕೊಳವೆ ಹತ್ತಿತ್ತು.
"ಹೊಟ್ಟು ಉರಿಸಬಾರದೇನೋ?"
"ಹೊಟ್ಟಿನ ರೇಟು ಕೇಳೀಯೇನು?
ಬಾಯ್ಲರಿನವರು ಲಾರಿಗಟ್ಟಲೆ ಒಯ್ತಾರ.
ಸೇರಿಗೆ ಎರಡು ರೂಪಾಯಿ ಜಾಸ್ತಿ ಕೊಡ್ತೀಯಾ? ಕೊಡಲ್ಲ.
ನಂಗೂ ಹೊಟ್ಟೆ ಐತಿ."
ಹೊಟ್ಟು, ಹೊಟ್ಟೆ.
ನಡುವೆ ಇರುವುದು ಒಂದು ಕೊಂಬು, ಒಂದು ಎತ್ವ.
ಅಷ್ಟೇ ಸಂದಿಯಲ್ಲಿ ಊರಿನ ಆಕಾಶ ಸಿಕ್ಕಿಕೊಂಡಿದೆ.

ಅಕ್ಕಿಯ ಬೆನ್ನು ಹತ್ತಿದರೆ ಕುಂಬಳೂರು, ಭದ್ರಾ ನಾಲೆ,
ಹಾಲಸ್ವಾಮಿಯ ಗದ್ದೆ.
ನಾಟಿಯ ದಿನ ನಿಂತ ನೀರು ಇನ್ನೂ ನಿಂತೇ ಇತ್ತು.
ಬದುವಿನ ಮೇಲೆ ಕೂತು ನೋಡಿದೆ:
ಕೆಸರಿನಿಂದ ಒಂದು ಗುಳ್ಳೆ. ಸುಮಾರು ಹೊತ್ತು ಬಿಟ್ಟು ಇನ್ನೊಂದು.
"ಭೂಮ್ತಾಯಿ ತೇಗ್ತಾಳ" ಅಂದ.
ರೈತ ಸಂಪರ್ಕ ಕೇಂದ್ರದ ಹುಡುಗಿ ಬೇರೆ ಹೇಳಿದ್ದಳಂತೆ:
ಆ ತೇಗು ಮೇಲೆ ಹೋಗಿ ಕಂಬಳಿಯಾಗುತ್ತದೆ,
ಒಳಗೆ ಬಂದ ಬಿಸಿಲಿಗೆ ಹೊರದಾರಿ ಇಲ್ಲ;
ನಡುನಡುವೆ ನೀರು ಬಸಿಯಿರಿ,
ನೆಲ ಕೂದಲೆಳೆಯಷ್ಟು ಬಿರಿಯಲಿ, ಆಮೇಲೆ ಕಟ್ಟಿ.
"ಬಸಿದರೆ ಮತ್ತೆ ನೀರು ಬರೋ ಗ್ಯಾರಂಟಿ ಏನು?
ಮೇಲಿನವರು ತೂಬು ಮುಚ್ಚಲ್ಲ, ನಾನು ಬದು ಕಡಿಯಲ್ಲ."
ಹಾಗಂದವನೇ ಕಣದ ಹಿಂದಿನ ಒಂದು ಮಡಿಗೆ ಕರೆದೊಯ್ದ.
ಅಲ್ಲಿ ಮಾತ್ರ ಬಸಿದಿದ್ದಾನೆ.
ಪೈರು ಹಸಿರಾಗೇ ಇತ್ತು. ಯಾರಿಗೂ ಹೇಳಬೇಡ ಅಂದ.

ದಾದಾಪೀರನಿಗೆ ಎರಡು ರೂಪಾಯಿ ಒಪ್ಪಿಕೊಂಡು
ಗಾಡಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ:
ಪ್ಲೇಟಿಗೆ ಒಂದು ರೂಪಾಯಿ ಹೆಚ್ಚು.
ಹಮಾಲಿ ತಿಪ್ಪೇಶಿ ಕೇಳಿದ, "ಯಾತಕ್ಕೆ?"
"ಗಾಳಿಗೆ."
"ಗಾಳಿಗೂ ರೊಕ್ಕನಾ?"
"ಪ್ಲೇಟಿನಾಗೆ ಇರೋದು ಅದೇ ಅಲ್ವಾ."
ನಕ್ಕು ಕೊಟ್ಟ. ಮರುದಿನ ಎದುರಿನ ಗಾಡಿಗೆ ಹೋದ.
ಮೂರನೆಯ ದಿನ ವಾಪಸ್ ಬಂದ;
ಅಲ್ಲಿ ಮಿರ್ಚಿಗೆ ಖಾರ ಸಾಲದಂತೆ.
ಗಾಳಿಯ ಮಾತು ಇಬ್ಬರೂ ಎತ್ತಲಿಲ್ಲ.

ಜಗಳೂರಿನ ಜೋಳದ ಅರಳೂ ಒಂದು ಡಬ್ಬಿ ಇಟ್ಟಿದ್ದೇನೆ.
ಮಳೆ ಕೊಟ್ಟಷ್ಟೇ ಕುಡಿದು ಬೆಳೆದದ್ದು, ತೇಗದ ನೆಲದ್ದು.
ದಿನಕ್ಕೆ ನಾಲ್ಕು ಪ್ಲೇಟು ಹೋಗುತ್ತದೆ.
ಎರಡು ನಾನೇ ತಿನ್ನುತ್ತೇನೆ.

ಶಹತಾಜ್ ಈಗ ದಿನಾ ಹಚ್ಚಡದ ಮೇಲೆ ಎಳ್ಳು ಎಣಿಸುತ್ತಾಳೆ.
ಮೊನ್ನೆ ನಲವತ್ತೊಂದು.
ಇವತ್ತು ಮೂವತ್ತಾರು.
ನಾನು ಎದೆಯುಬ್ಬಿಸಿದೆ, ಮರಳಿಗೆ ಬಿದ್ದ ಅಕ್ಕಿಯ ಹಾಗೆ.
"ಮೂಡಗಾಳಿ ಬೀಸಿರಬೇಕು" ಅಂದಳು,
ಹಚ್ಚಡ ಕೊಡವಿ
ಮತ್ತೆ ಅದೇ ತಂತಿಯ ಮೇಲೆ ಹರವಿದಳು.