ಮೂರನೇ ಹಾಡಿನೊಳಗೆ ಮಂಡಕ್ಕಿ

ದಾದಾಪೀರ್ ಭಟ್ಟಿಯ ಹಿಂದಿನ ಗೋಡೌನು,
ತಿಂಗಳಿಗೆ ಎರಡು ಸಾವಿರ, ಕರೆಂಟು ಬೇರೆ.
ಗೋಡೆಗೆ ಹನ್ನೊಂದು ಕೌದಿ ಹೊಡೆದೆವು,
ಆರು ಬಕ್ಕೇಶನ ಅಜ್ಜಿಯವು, ಉಳಿದವು ಸಂತೆಯವು;
ಬಾಗಿಲ ಸಂದಿಗೆ ಭತ್ತದ ಖಾಲಿ ಚೀಲ.
ನಮ್ಮ ಸದ್ದು ಹೊರಗೆ ಹೋಗದಿರಲಿ ಅಂತಲ್ಲ,
ಹೊರಗಿನದು ಒಳಗೆ ಬರದಿರಲಿ ಅಂತ.

ಭಟ್ಟಿ ಆರುವುದು ರಾತ್ರಿ ಹತ್ತಕ್ಕೆ,
ಮತ್ತೆ ಹೊತ್ತುವುದು ಮೂರೂವರೆಗೆ.
ನಡುವಿನದು ನಮ್ಮ ಸ್ಟುಡಿಯೋ.
ಅದರಲ್ಲೂ ನಾಯಿ, ಪಿ.ಬಿ. ರೋಡಿನ ಲಾರಿ,
ಚಮನ್‌ನ ಗಿಟಾರಿನ ಕೇಬಲ್ಲು ಹಿಡಿಯುತ್ತಿದ್ದ
ಯಾವುದೋ ರೇಡಿಯೋದ ಸೀರೆ ಜಾಹೀರಾತು.

ತಿಪ್ಪಕ್ಕ ಜಗಳೂರಿನಿಂದ ಕೊನೇ ಬಸ್ಸಿಗೆ ಬಂದಳು,
ಎಲೆಅಡಿಕೆ ಚೀಲ, ಮೊಮ್ಮಗಳ ಸ್ವೆಟರು.
ಹೆಡ್‌ಫೋನು ಏರಿಸಿದರೆ
'ಕಿವಿಯಾಗೆ ಹಲ್ಲಿ ಲೊಚಗುಟ್ಟುತೈತಲ್ಲೋ' ಅಂದಳು.
ಕ್ಲಿಕ್ಕು ಅಕ್ಕ, ತಾಳ ತಪ್ಪದಿರಲಿ ಅಂತ.
'ತಪ್ಪಿದ್ರೆ ಏನಾತು, ತಿರುಗಿ ಬರಾಕಿಲ್ವಾ ಅದು?'

ತೆಗೆದಿಟ್ಟಳು. ಹಾಡಿದಳು.
ಎರಡನೇ ನುಡಿಯ ಕೊನೆಗೆ ಅರ್ಧ ಮಾತ್ರೆ ನಿಂತಳು,
ಕಾಲಿಗೆ ಮುಳ್ಳು ಹೊಕ್ಕವಳ ಹಾಗೆ.
ಪ್ರತಿ ಸಲವೂ ಅಲ್ಲೇ, ಅಷ್ಟೇ.
ಬಕ್ಕೇಶನ ಡ್ರಮ್ಮು ಅವಳನ್ನು ದಾಟಿ ಹೋಗಿ
ಹಳ್ಳದಾಚೆ ನಿಂತು ಹಿಂದೆ ನೋಡುತ್ತಿತ್ತು.
ನಾನು ಬಾಸಿನ ದಪ್ಪ ತಂತಿ ಹಿಡಿದು
ನಡು ನೀರಿನಲ್ಲಿ.

ಒಂಬತ್ತನೇ ಟೇಕು. ಹೊತ್ತು ಮರೆತಿದ್ದೆವು.
ಗೋಡೆಯಾಚೆ ಬಾಣಲೆಗೆ ಅಕ್ಕಿ ಬಿತ್ತು.
ಬಿಸಿ ಮರಳಲ್ಲಿ ಚಟಪಟ,
ಬೆಳಗಿನ ಪಾಳಿಯವಳೊಬ್ಬಳ ಕೆಮ್ಮು.
ಆಗಲೇ ಎಲ್ಲ ಕೂಡಿಬಂತು:
ತಿಪ್ಪಕ್ಕ ನಿಂತಳು. ಬಕ್ಕೇಶ ನಿಂತ. ನಾನೂ.
ಆ ಅರ್ಧ ಮಾತ್ರೆಯ ಗುಂಡಿಯೊಳಗೆ
ಅಕ್ಕಿ ಅರಳುವುದಷ್ಟೇ ಕೇಳುತ್ತದೆ.

ಮೂರು ವಾರ ಕಂಪ್ಯೂಟರಿನಲ್ಲಿ ತೊಳೆದೆವು.
ಮಂಡಕ್ಕಿ ಹೋದರೆ ಅವಳ ಸಕಾರ ಹೋಗುತ್ತಿತ್ತು,
ಕೆಮ್ಮು ತೆಗೆದರೆ ಉಸಿರು.
ಬಿಡ್ರೋ, ಅಂದ ಚಮನ್,
ಹೆಂಗೂ ಮೆಣಸಿನಕಾಯಿ ನಾವದೀವಿ.

ಆಲ್ಬಮ್ ಕಳಿಸುವ ಫಾರ್ಮು:
ರಚನೆ ಯಾರದು? ಖಾಲಿ ಬಿಟ್ಟರೆ ಮುಂದಕ್ಕೆ ಹೋಗದು.
ಜನಪದ ಅಂತ ಒತ್ತಲು ಬೆರಳೆತ್ತಿದವನು
ಯಾಕೋ ಫೋನು ಮಾಡಿದೆ.
'ನಮ್ಮತ್ತೆದು. ಅತ್ತೆಗೆ ಅವರತ್ತೆದು.
ಕಡೆ ಮುಟ್ಟಾಕಿಲ್ಲ ಬಿಡು.' ಮೊರ ಕೇರುವ ಸದ್ದು.
ಆಮೇಲೆ: 'ನಡುವೆ ನಿಲ್ತೀನಲ್ಲ,
ಅದು ನಾದಿನಿ ಬೋರಕ್ಕಂದು.
ಉಬ್ಬಸ ಇತ್ತು. ಅಲ್ಲಿಗೆ ಬರೋದ್ರಾಗೆ ದಮ್ಮು ಸಾಲ್ತಿರ್ಲಿಲ್ಲ.
ಕಲ್ಲಿನ ಗೂಟ ಹಿಡ್ಕಂಡು ಕಾಯ್ತಿದ್ದೆ.
ಈಗ ಒಬ್ಳೇ, ಆದ್ರೂ ಕೈ ನಿಲ್ತೈತೆ.'

ನಿಲ್ಲುವುದಕ್ಕೆ ಫಾರ್ಮಿನಲ್ಲಿ ಜಾಗವಿಲ್ಲ.
ತಾಳ: ಬೋರಕ್ಕ, ಬಕ್ಕೇಶ
ಅಂತ ಬರೆದೆವು. ಅವಳ ಹೆಸರು ಮೊದಲಿರಲಿ ಅಂದವನು ಬಕ್ಕೇಶನೇ.

ದಾದಾಪೀರ್‌ಗೆ ಕೇಳಿಸಿದೆವು.
ಕಣ್ಣು ಮುಚ್ಚಿ ಪೂರ್ತಿ ಕೇಳಿದ, ಮೂರನೆಯದನ್ನು ಎರಡು ಸಲ.
'ಹರಿಹರದ ಭತ್ತ ಅದು,' ಅಂದ,
'ಅವತ್ತು ಸರಿಯಾಗಿ ಒಣಗಿರಲಿಲ್ಲ.'